ವಿಆರ್‌ನಲ್ಲಿ ಕ್ಯಾನುಲಾ ಹಾಕಿಸಬೇಡಿ

ನರ್ಸಿಂಗ್ ಕಾಲೇಜಿಗೆ ವಿಆರ್ ಹೆಡ್‌ಸೆಟ್ (ಕಣ್ಣಿಗೆ ಕಟ್ಟಿಕೊಂಡರೆ ಕೃತಕ ದೃಶ್ಯದೊಳಗೇ ಇದ್ದಂತೆ ತೋರಿಸುವ ಸಾಧನ) ಬಂದ ಕೂಡಲೇ ಅದರಲ್ಲಿ ಐವಿ ಕ್ಯಾನುಲಾ, ಅಂದರೆ ರಕ್ತನಾಳಕ್ಕೆ ಇಳಿಸುವ ಸಣ್ಣ ಕೊಳವೆ, ಹಾಕಿಸಿ ಕಲಿಸುವ ಆಸೆ ಹುಟ್ಟುತ್ತದೆ. ಬೇಡ. ನಾಳ ಒತ್ತಿದರೆ ಬೆರಳಿಗೆ ಪುಟಿಯಬೇಕು, ಸೂಜಿ ಅದರ ಗೋಡೆ ದಾಟಿದ್ದು ಕೈಗೆ ಗೊತ್ತಾಗಬೇಕು. ವಿಆರ್‌ನಲ್ಲಿ ಕೈಯಲ್ಲಿ ಹಿಡಿಯುವ ಕಂಟ್ರೋಲರ್ ಕೊಡುವುದು ಬರೀ ಗುರ್ ಎನ್ನುವ ಕಂಪನ. ಅದಕ್ಕೆ ಅಭ್ಯಾಸದ ಹಳೆಯ ರಬ್ಬರ್ ಕೈಯೇ ವಾಸಿ.

ವಿಆರ್‌ನ ಬೆಲೆ ಗೊತ್ತಾಗುವುದು ಬ್ಲಡ್ ರಿಯಾಕ್ಷನ್‌ನಂಥ (ಏರಿಸುತ್ತಿರುವ ರಕ್ತ ರೋಗಿಯ ಮೈಗೆ ಒಗ್ಗದಿರುವ) ಸನ್ನಿವೇಶದಲ್ಲಿ. ವಾರ್ಡಿನಲ್ಲಿ ಅದು ಅಪರೂಪ. ಬಂದರೂ ವಿದ್ಯಾರ್ಥಿಯನ್ನು ಪಕ್ಕಕ್ಕೆ ಸರಿಸುತ್ತಾರೆ. ಹೆಡ್‌ಸೆಟ್ಟಿನೊಳಗಿನ ರೋಗಿ "ಸಿಸ್ಟರ್, ಚಳಿ ಆಗ್ತಿದೆ, ಸೊಂಟ ನೋಯ್ತಿದೆ" ಅನ್ನುತ್ತಾನೆ. ವಿದ್ಯಾರ್ಥಿ ಹೊದಿಕೆ ಹುಡುಕುತ್ತಾಳೆ, ಇಲ್ಲವೇ ಡಾಕ್ಟರಿಗೆ ಫೋನ್ ಮಾಡುತ್ತಾಳೆ. ರಕ್ತ ಮಾತ್ರ ಇಳಿಯುತ್ತಲೇ ಇರುತ್ತದೆ! ಮೊದಲು ರಕ್ತದ ಪೈಪಿನ ಕ್ಲ್ಯಾಂಪ್ ಮುಚ್ಚಬೇಕು. ಆ ಹಳೆ ಪೈಪ್ ಸೆಟ್ ಕಳಚಿ, ಹೊಸ ಸೆಟ್‌ನಲ್ಲಿ ನಾರ್ಮಲ್ ಸಲೈನ್ ಹಾಕಿ ಲೈನ್ ಉಳಿಸಿಕೊಳ್ಳಬೇಕು. ಹಳೆ ಸೆಟ್ಟಿಗೇ ಸಲೈನ್ ಜೋಡಿಸಿದರೆ ಪೈಪಿನಲ್ಲಿ ಉಳಿದ ರಕ್ತವೂ ಒಳಗೆ ಹೋಗುತ್ತದೆ. ಆಮೇಲೆ ವೈಟಲ್ಸ್ (ನಾಡಿ, ಬಿಪಿ, ಉಸಿರು, ಜ್ವರ), ಡಾಕ್ಟರಿಗೆ ಕರೆ, ಬ್ಯಾಗಿನ ಲೇಬಲ್ಲಿಗೂ ರೋಗಿಯ ಕೈಪಟ್ಟಿಗೂ ತಾಳೆ. ಬ್ಯಾಗನ್ನು ಕಸಕ್ಕೆ ಹಾಕದೆ ಸೆಟ್ ಸಮೇತ ಬ್ಲಡ್ ಬ್ಯಾಂಕಿಗೆ ಕಳಿಸಬೇಕು.

ಇದಕ್ಕೂ ಮುಂಚೆ 10 ನಿಮಿಷ ಖಾಲಿ ಕೋಣೆಯಲ್ಲಿ ವಸ್ತು ಹಿಡಿಯುವುದು, ಬಿಡುವುದು ರೂಢಿಯಾಗಲಿ. ಇಲ್ಲದಿದ್ದರೆ ನೀವು ಅಳೆಯುತ್ತಿರುವುದು ಕಂಟ್ರೋಲರ್ ಚಳಕವನ್ನು. ಸುತ್ತ 2 ಮೀಟರ್ × 2 ಮೀಟರ್ ಜಾಗ ತೆರವಿರಲಿ. ಕಣ್ಣುಪಾಪೆಗಳ ನಡುವಿನ ಅಂತರಕ್ಕೆ ಲೆನ್ಸ್ ಹೊಂದಿಸದಿದ್ದರೆ ಮಸುಕು, ತಲೆನೋವು. ಕಣ್ಣಿಗೆ ನಡಿಗೆ ಕಂಡು ಮೈ ನಿಂತಲ್ಲೇ ಇದ್ದರೆ ಹೊಟ್ಟೆ ತೊಳಸುತ್ತದೆ. ಆದ್ದರಿಂದ ದೃಶ್ಯದಲ್ಲಿ ಜಾರಿಕೊಂಡು ಹೋಗುವ ಬದಲು ಜಾಗದಿಂದ ಜಾಗಕ್ಕೆ ನೆಗೆಯುವ ಆಯ್ಕೆ ಇಡಿ, ಒಂದು ಸಲಕ್ಕೆ 15 ನಿಮಿಷ ಸಾಕು. ಲೆನ್ಸಿಗೆ ಸ್ಪಿರಿಟ್ ತಾಗಿಸಬೇಡಿ, ಲೇಪನ ಹಾಳಾಗುತ್ತದೆ. ಕಿಟಕಿ ಬಿಸಿಲಲ್ಲೂ ಇಡಬೇಡಿ: ಲೆನ್ಸ್ ಭೂತಗನ್ನಡಿಯಂತೆ ಕೆಲಸ ಮಾಡಿ ಒಳಗಿನ ಪರದೆ ಸುಡುತ್ತದೆ.

ಮಾರಲು ಬರುವವರು 2014ರ ಅಮೆರಿಕದ ಎನ್‌ಸಿಎಸ್‌ಬಿಎನ್ (ಅಲ್ಲಿನ ರಾಜ್ಯಗಳ ನರ್ಸಿಂಗ್ ಮಂಡಳಿಗಳ ಒಕ್ಕೂಟ) ಅಧ್ಯಯನ ತೋರಿಸಬಹುದು. ಆಸ್ಪತ್ರೆಯಲ್ಲಿ ಕಲಿಯುವ ಕ್ಲಿನಿಕಲ್ ಗಂಟೆಗಳ ಅರ್ಧದಷ್ಟನ್ನು ಸಿಮ್ಯುಲೇಷನ್‌ಗೆ, ಅಂದರೆ ಕೃತಕ ಸನ್ನಿವೇಶದ ಅಭ್ಯಾಸಕ್ಕೆ, ಬಿಟ್ಟುಕೊಟ್ಟರೂ ಕಲಿಕೆ ಕುಗ್ಗಲಿಲ್ಲ ಎಂದು ಅದು ಹೇಳಿದ್ದು ನಿಜ. ಆದರೆ ಅದು ಹೆಡ್‌ಸೆಟ್ಟಿನ ಪರೀಕ್ಷೆಯಲ್ಲ. ಅಲ್ಲಿ ತರಬೇತಾದ ಶಿಕ್ಷಕರಿದ್ದರು, ಪ್ರತಿ ಸನ್ನಿವೇಶದ ನಂತರ ಡೀಬ್ರೀಫಿಂಗ್, ಅಂದರೆ ಆದದ್ದನ್ನು ಕೂತು ಮಾತಾಡುವುದು, ಇತ್ತು.

ಆ ಡೀಬ್ರೀಫಿಂಗನ್ನೇ ನಮ್ಮವರು ಹಾರಿಸಿಬಿಡುತ್ತಾರೆ. 15 ನಿಮಿಷದ ಸನ್ನಿವೇಶಕ್ಕೆ 30 ನಿಮಿಷವಾದರೂ ಮಾತು ಬೇಕು. ಹೆಡ್‌ಸೆಟ್ಟಿನ ದೃಶ್ಯವನ್ನು ದೊಡ್ಡ ಪರದೆಗೆ ಹಾಕಿ, ಕ್ಲ್ಯಾಂಪ್ ಮುಚ್ಚಿದ ಸಮಯ ಬರೆದುಕೊಳ್ಳಿ. ಸಾಫ್ಟ್‌ವೇರ್ ಕೊಟ್ಟ ಅಂಕ ಓದಿ ಹೇಳುವುದಲ್ಲ, "ಚಳಿ ಅಂದಾಗ ನಿನಗೆ ಏನನ್ನಿಸಿತು?" ಎಂದು ಕೇಳಿ ಸುಮ್ಮನಿರಿ. ನಂತರ ಅದೇ ದಿನ ಇನ್ನೊಮ್ಮೆ ಮಾಡಿಸಿ. ಈ ಸಲ ರೋಗಿ ಚಳಿ ಅನ್ನುವುದು ಬೇಡ, ಮೈ ತುರಿಕೆ ಅನ್ನಲಿ.