ಹೇಗೂ ಒಡೀತಿದ್ದಾರಲ್ಲ

ಆಫೀಸಿನಲ್ಲಿ ನನ್ನ ಕೆಲಸವೇ ಅಂದಾಜು ಹಾಕುವುದು. ಯಾವ ಪ್ರಾಜೆಕ್ಟಿಗೆ ಎಷ್ಟು ಜನ, ಎಷ್ಟು ದಿನ, ಎಷ್ಟು ದುಡ್ಡು ಅಂತ ಎಕ್ಸೆಲ್‌ನಲ್ಲಿ ಬರೆಯುತ್ತೇನೆ. ಬಾಸ್ ಅದನ್ನು ಅರ್ಧಕ್ಕೆ ಇಳಿಸುತ್ತಾರೆ. ನಾನು ತಲೆಯಾಡಿಸುತ್ತೇನೆ. ಹದಿನೈದು ವರ್ಷದಿಂದ ಇದೇ ನಡೆದಿದೆ. ಹಾಗಾಗಿ ನಮ್ಮ ಅಡುಗೆಮನೆಯ ಸೀಲಿಂಗಿನಲ್ಲಿ ಶ್ರೀಲಂಕಾದಷ್ಟಿದ್ದ ತೇವದ ಕಲೆ ಮೂರೇ ತಿಂಗಳಲ್ಲಿ ಆಸ್ಟ್ರೇಲಿಯಾ ಆಗಿ, ಮೇಲಿನ ಬಚ್ಚಲುಮನೆ ಒಡೆಸಲೇಬೇಕು ಅಂತಾದಾಗ ನನಗೆ ಒಳಗೊಳಗೇ ಖುಷಿಯಾಯಿತು. ಕೊನೆಗೂ ಬಾಸ್ ಇಲ್ಲದ ಒಂದು ಪ್ರಾಜೆಕ್ಟು.

ಮೇಸ್ತ್ರಿ ಬಂದರು. ನಲ್ಲಿ ತಿರುಗಿಸಿದರು, ಗೋಡೆಯ ಮೇಲೆ ಟಕ್ ಟಕ್ ಅಂತ ಬಡಿದರು. "ಐವತ್ತೈದು ಸಾವಿರ ಆಗತ್ತೆ ಸಾರ್. ಎಂಟು ದಿನ."

"ಅದು ಹೇಗೆ ಬಂತು ಲೆಕ್ಕ?"

"ಅಂದಾಜು ಸಾರ್."

ನನಗೆ ಪಾಪ ಅನ್ನಿಸಿತು. ಆ ರಾತ್ರಿಯೇ ಲ್ಯಾಪ್‌ಟಾಪ್ ತೆಗೆದೆ. ಎಲ್ಲ ಸಲೀಸಾಗಿ ನಡೆದರೆ 55,000. ಸಾಧಾರಣವಾಗಿ ಆಗುವ ಹಾಗೆ ಆದರೆ 65,000. ಗ್ರಹಚಾರ ಕೆಟ್ಟರೆ 93,000. ನಡುವಿನದನ್ನು ನಾಲ್ಕರಿಂದ ಗುಣಿಸಿ, ಮೂರನ್ನೂ ಕೂಡಿ, ಆರರಿಂದ ಭಾಗಿಸಬೇಕು. 68,000 ಬಂತು. ಇದು ಸುಮ್ನೆ ಹಾಕುವ ಲೆಕ್ಕ ಅಲ್ಲ. 1958ರಲ್ಲಿ ಅಮೆರಿಕದ ನೌಕಾಪಡೆ ಪೊಲಾರಿಸ್ ಕ್ಷಿಪಣಿ ಯೋಜನೆಗಾಗಿ ಮಾಡಿಕೊಂಡ 'ಪರ್ಟ್' ಪದ್ಧತಿಯದು. ಕ್ಷಿಪಣಿಗೆ ಒಗ್ಗಿದ್ದು ಬಚ್ಚಲಿಗೆ ಒಗ್ಗದೇ ಇರುತ್ತದೆಯೇ? ಮೇಲೆ ಶೇ. 10 ಕಂಟಿಂಜೆನ್ಸಿ, ಅಂದರೆ ಅನಿರೀಕ್ಷಿತ ಖರ್ಚಿಗೆ ಅಂತ ಮೀಸಲು, ಸೇರಿಸಿ 74,800 ಅಂತ ಬರೆದೆ. ಆ ಅಂಕಿಗೆ ಹಸಿರು ಬಣ್ಣ ಬಳಿದು ಹೆಂಡತಿಗೆ ತೋರಿಸಿದೆ. ದಸರಾ ಮುಗಿದ ಮಾರನೇ ದಿನ ಶುರು, ದೀಪಾವಳಿಗೆ ಇನ್ನೂ ಹತ್ತು ದಿನ ಇರುವಾಗಲೇ ಮುಕ್ತಾಯ.

"ಆಯ್ತು ರೀ" ಅಂದಳು. ಮಗಳನ್ನು ಕರೆದುಕೊಂಡು ನಾಲ್ಕು ಬೀದಿ ಆಚೆ ಇರುವ ತವರಿಗೆ ಹೊರಟಳು. ಎಂಟು ದಿನಕ್ಕೆ ಎರಡು ದೊಡ್ಡ ಸೂಟ್‌ಕೇಸ್ ಯಾಕೆ ಅಂತ ಕೇಳಬೇಕು ಅಂದುಕೊಂಡೆ. ಮರೆತೆ.

ಎರಡನೇ ದಿನ ಒಡೆದ ಇಟ್ಟಿಗೆ, ಮಣ್ಣು ಗೇಟಿನ ಮುಂದೆ ಗುಡ್ಡೆಯಾಯಿತು. ಯಾವಾಗ ಸಾಗಿಸ್ತೀರಿ ಅಂತ ಕೇಳಿದರೆ ಮೇಸ್ತ್ರಿ, "ಅದು ಬೇರೆ ಸಾರ್" ಅಂದರು. ಟೈಲ್ಸ್ ಮಹಡಿಗೆ ಹೊರುವುದೂ ಬೇರೆಯಂತೆ. ವಾಟರ್‌ಪ್ರೂಫಿಂಗ್ ಬೇರೆ, ಪ್ಲಂಬರ್ ಬೇರೆ. ನನ್ನ ಶೀಟಿನಲ್ಲಿ 'ಬೇರೆ' ಅನ್ನುವ ಕಾಲಮ್ಮೇ ಇರಲಿಲ್ಲ.

ಆದರೆ ಮೇಸ್ತ್ರಿಯ 'ಬೇರೆ'ಗಿಂತ ದುಬಾರಿಯಾದ ಶಬ್ದವೊಂದಿದೆ. 'ಹೇಗೂ.' ದಿನಾ ಸಂಜೆ ಕೆಲಸ ನೋಡಲು ಬರುತ್ತಿದ್ದ ಹೆಂಡತಿ, "ಹೇಗೂ ಒಡೀತಿದ್ದಾರಲ್ಲ, ಗೀಸರ್ ಲೈನೂ ಬದಲಾಯಿಸಿಬಿಡೋಣ" ಅಂದಳು. ಮಾವ ಬಂದು, ಹೇಗೂ ಗೋಡೆ ಬಿಚ್ಚಿದೆ, ಹಳೇ ಕಬ್ಬಿಣದ ಪೈಪ್ ತೆಗೆಸಿಬಿಡಿ ಅಂದರು. ಮುಟ್ಟಿದರೆ ಪೈಪು ಪುಡಿಪುಡಿ! ಹೇಗೂ ಪ್ಲಂಬರ್ ಬಂದಿದ್ದಾನೆ ಅಂತ ಅಡುಗೆಮನೆ ಸಿಂಕಿನ ನಲ್ಲಿಯೂ ಹೊಸದಾಯಿತು. ಇದನ್ನು ಆಫೀಸಿನಲ್ಲಿ ಸ್ಕೋಪ್ ಕ್ರೀಪ್ ಅಂತಾರೆ. ಕ್ಲೈಂಟ್ ಹೀಗೆ ಕೇಳಿದರೆ ಚೇಂಜ್ ರಿಕ್ವೆಸ್ಟ್ ಬರೆಸಿ, ಅದಕ್ಕೆ ಬೇರೆ ದುಡ್ಡು ಅಂತ ಖಡಾಖಂಡಿತವಾಗಿ ಹೇಳುತ್ತೇನೆ. ಮಾವನಿಗೆ ಹೇಳಿ ನೋಡಿ.

ಟೈಲ್ಸಿನ ವಿಷಯದಲ್ಲಿ ಮಾತ್ರ ತಪ್ಪು ಪೂರ್ತಿ ನನ್ನದು. ಗೋಡೆಗೆ 22 ಬಾಕ್ಸ್ ಬೇಕು ಅಂತ ಮೇಸ್ತ್ರಿ ಹೇಳಿದ್ದರು. ನಾನು ಟೇಪ್ ಹಿಡಿದೆ. 8 ಅಡಿ, 5 ಅಡಿ, 7 ಅಡಿ ಎತ್ತರ. ಬಾಗಿಲು ಕಳೆದರೆ 164.5 ಚದರ ಅಡಿ. ಬಾಕ್ಸಿಗೆ 9 ಚದರ ಅಡಿ. 19 ಬಾಕ್ಸ್ ಧಾರಾಳ ಸಾಕು! ಮೂರು ಬಾಕ್ಸ್ ಉಳಿಸಿದೆ ಅಂತ ಬೀಗಿದ್ದೇ ಬೀಗಿದ್ದು. ಮೂಲೆಯಲ್ಲಿ ಕತ್ತರಿಸಿದ ತುಂಡು, ಪೈಪಿನ ಸುತ್ತ ಕೊರೆಯುವಾಗ ಬಿರಿದದ್ದು, ಗೂಡ್ಸ್ ಆಟೋದಲ್ಲೇ ಒಡೆದದ್ದು, ಇವೆಲ್ಲ ಚದರ ಅಡಿಗೆ ಸಿಗುವುದಿಲ್ಲ. ಕೊನೆಗೆ ಏಳು ಟೈಲ್ಸ್ ಸಾಲಲಿಲ್ಲ. ಅಂಗಡಿಗೆ ಓಡಿದೆ. "ಆ ಬ್ಯಾಚ್ ಖಾಲಿ ಸಾರ್. ಡಿಸೈನ್ ಇದೇ, ಶೇಡ್ ಒಂಚೂರು ಬೇರೆ." ಆ ಏಳೂ ಈಗ ಬಾಗಿಲ ಹಿಂದೆ ಇವೆ. ಬಾಗಿಲು ಹಾಕಿಕೊಂಡು ಕೂತಾಗ ಸರಿಯಾಗಿ ಎದುರಿಗೇ ಕಾಣುತ್ತವೆ. "ಹೈಲೈಟರ್ ಅಂದ್ಕೊಳ್ಳಿ ಸಾರ್" ಅಂತ ಮೇಸ್ತ್ರಿ ಸಮಾಧಾನ ಹೇಳಿದರು.

ಎಲ್ಲ ಮುಗಿದಾಗ 33 ದಿನ, 1,38,000 ರೂಪಾಯಿ ಆಗಿತ್ತು. ಮುಖ ಉಳಿಸಿಕೊಳ್ಳಲು ಹೆಂಡತಿಗೆ ಸಿಡ್ನಿ ಒಪೆರಾ ಹೌಸಿನ ಕಥೆ ಹೇಳಿದೆ. 1957ರಲ್ಲಿ 70 ಲಕ್ಷ ಡಾಲರ್ ಅಂದಿದ್ದರು. 1963ಕ್ಕೆ ಮುಗಿಯಬೇಕಿತ್ತು. ಮುಗಿದದ್ದು 1973ಕ್ಕೆ, ಖರ್ಚು 10 ಕೋಟಿ 20 ಲಕ್ಷ. ಹದಿನಾಲ್ಕು ಪಟ್ಟು! ನನ್ನದು ಎರಡು ಪಟ್ಟೂ ಆಗಿಲ್ಲ.

"ಅದನ್ನ ನೋಡೋಕೆ ಜನ ಟಿಕೆಟ್ ತಗೊಂಡು ಬರ್ತಾರೆ ರೀ" ಅಂದಳು.

ಅವಳ ಮುಂದೆ ನಾನು ಹೇಳದೆ ನುಂಗಿದ್ದು ಇನ್ನೊಂದಿದೆ. 1979ರಲ್ಲಿ ಡೇನಿಯಲ್ ಕಾನಮನ್ ಮತ್ತು ಏಮಸ್ ಟ್ವರ್ಸ್ಕಿ ಎಂಬ ಮನಃಶಾಸ್ತ್ರಜ್ಞರು ಈ ರೋಗಕ್ಕೆ 'ಪ್ಲಾನಿಂಗ್ ಫ್ಯಾಲಸಿ' ಅಂತ ಹೆಸರಿಟ್ಟರು. ಕೈಯಲ್ಲಿರುವ ಕೆಲಸವನ್ನೇ ನೋಡುತ್ತಾ ಲೆಕ್ಕ ಹಾಕುತ್ತೇವೆ, ಇಂಥದೇ ಕೆಲಸ ಹಿಂದೆ ಎಷ್ಟು ಎಳೆದಿತ್ತು ಅಂತ ನೋಡುವುದಿಲ್ಲ. ಆಫೀಸಿಗೆ ಹೊಸದಾಗಿ ಸೇರುವವರಿಗೆ ಇದನ್ನು ಪಾಠ ಮಾಡುವವನು ನಾನೇ. ಸ್ಲೈಡ್ ಕೂಡ ಚೆನ್ನಾಗಿದೆ.

ಹಿಂದಿನದನ್ನು ನೋಡಿ ಲೆಕ್ಕ ಹಾಕಿದ್ದು ಹೆಂಡತಿ. 'ಹತ್ತೇ ನಿಮಿಷ, ಬಂದೆ' ಅಂತ ನಾನು ಹೇಳಿದ ಹದಿನೈದು ವರ್ಷದ ಲೆಕ್ಕ ಅವಳ ಹತ್ತಿರ ಇತ್ತು.

ನೀರು ತುಂಬುವ ಹಬ್ಬದ ದಿನ ಎಲ್ಲರ ಮನೆಯಲ್ಲೂ ಹಂಡೆ ತೊಳೆದು, ಅರಿಶಿನ ಕುಂಕುಮ ಹಚ್ಚಿ ನೀರು ತುಂಬುತ್ತಿದ್ದರು. ನಮ್ಮ ಬಚ್ಚಲಲ್ಲೂ ನೀರು ತುಂಬಿತ್ತು. ನೆಲದ ಮೇಲೆ. ವಾಟರ್‌ಪ್ರೂಫಿಂಗ್ ಮೊದಲ ಸಲ ಸೋರಿ, ಎರಡನೇ ಸಲ ಹಚ್ಚಿ, ಎರಡು ದಿನ ನೀರು ಕಟ್ಟಿ ನಿಲ್ಲಿಸಿದ್ದರು. ಕೆಳಗಡೆ ಅಡುಗೆಮನೆಯಲ್ಲಿ ನಾನು ಕತ್ತು ಎತ್ತಿ ಆಸ್ಟ್ರೇಲಿಯಾ ಬೆಳೆಯುತ್ತಿದೆಯಾ ಅಂತ ಕಾಯುತ್ತಿದ್ದೆ.

ಮಾರನೇ ದಿನ ಬೆಳಗಿನ ಜಾವ ಎಣ್ಣೆ ಸ್ನಾನಕ್ಕೆ ಟವೆಲ್ ಹಿಡಿದು ಅತ್ತೆ ಮನೆಗೆ ಹೋದೆ. ಮಿಂದು ಬರುವಷ್ಟರಲ್ಲಿ ಹೆಂಡತಿ ಹಬ್ಬದ ಸೀರೆ ಉಟ್ಟು, ಎರಡನೇ ಸೂಟ್‌ಕೇಸ್ ಬಿಚ್ಚಿ ಕೂತಿದ್ದಳು. ಅದರೊಳಗಿಂದ ನನ್ನ ಹೊಸ ಪಂಚೆ ತೆಗೆದು ಕೈಗಿಟ್ಟಳು.