ತನ್ನವರಿಗೆ ತಡೆ, ನಮಗೆ ತೆರೆದ ಬಾಗಿಲು

ಸಿಂಗಪುರ ನೋಡಿ ಬಂದ ಕನ್ನಡಿಗರ ಫೇಸ್‌ಬುಕ್ ಗೋಡೆಯ ಮೇಲೆ ಮರೀನಾ ಬೇ ಸ್ಯಾಂಡ್ಸ್ ಹೋಟೆಲಿನ ಚಿತ್ರ ಇಲ್ಲದಿದ್ದರೆ ಪ್ರವಾಸವೇ ಅಪೂರ್ಣ ಎನ್ನುವಂತಾಗಿದೆ. ಮೂರು ಗೋಪುರಗಳ ನೆತ್ತಿಯ ಮೇಲೆ ಹಡಗನ್ನು ಇಟ್ಟಂತೆ ಕಾಣುವ ಆ ಕಟ್ಟಡದ ಚಿತ್ರಗಳಲ್ಲಿ ಕಾಣದೇ ಉಳಿಯುವುದು ಒಂದೇ, ಅದು ಒಡೆಯರಿಗೆ ಆದಾಯದ ಬಹುಪಾಲನ್ನು ದುಡಿದುಕೊಡುವ ಕ್ಯಾಸಿನೊ.

ಸಿಂಗಪುರ ಜೂಜುಕಟ್ಟೆಗಳನ್ನು ದೀರ್ಘಕಾಲ ದೂರವಿಟ್ಟಿದ್ದ ನಾಡು. ದೇಶದ ಮೊದಲ ಪ್ರಧಾನಿ ಲೀ ಕುವಾನ್ ಯೂ ಅವರೂ ಅವನ್ನು ಕಟುವಾಗಿ ವಿರೋಧಿಸಿದ್ದವರೇ. ಆದರೆ ಪ್ರವಾಸೋದ್ಯಮದಲ್ಲಿ ನೆರೆಯ ನಗರಗಳು ಮುಂದೆ ಹೋಗುತ್ತಿರುವುದನ್ನು ಕಂಡು, ಅವರ ಮಗ, ಅಂದಿನ ಪ್ರಧಾನಿ ಲೀ ಶೆನ್ ಲೂಂಗ್, 2005ರ ಏಪ್ರಿಲ್‌ನಲ್ಲಿ ಕ್ಯಾಸಿನೊ ಒಳಗೊಂಡ ಎರಡು ರೆಸಾರ್ಟ್‌ಗಳಿಗೆ ಅನುಮತಿ ಘೋಷಿಸಿದರು. ಮರೀನಾ ಬೇಯ ಜಾಗ 2006ರಲ್ಲಿ ಅಮೆರಿಕದ ಲಾಸ್ ವೇಗಸ್ ಸ್ಯಾಂಡ್ಸ್ ಕಂಪನಿಯ ಪಾಲಾಯಿತು. ಇನ್ನೊಂದು ರೆಸಾರ್ಟ್ ಸೆಂಟೋಸಾ ದ್ವೀಪದಲ್ಲಿ ಎದ್ದಿತು.

ಕಟ್ಟಡದ ಬಗ್ಗೆ ನನ್ನ ಮೆಚ್ಚುಗೆಯನ್ನು ಮುಚ್ಚಿಡಲಾರೆ. ಸಮುದ್ರವನ್ನು ತುಂಬಿಸಿ ಪಡೆದ ನೆಲದ ಮೇಲೆ 55 ಅಂತಸ್ತಿನ ಮೂರು ಗೋಪುರಗಳು. ಪ್ರತಿಯೊಂದರಲ್ಲೂ ಓರೆಯಾದ ಒಂದು ಭಾಗ ನೇರವಾದ ಇನ್ನೊಂದಕ್ಕೆ ಒರಗಿಕೊಂಡಿದೆ. ವಾಸ್ತುಶಿಲ್ಪಿ ಮೋಶೆ ಸಾಫ್ಡಿ ಅವುಗಳ ಮೇಲೆ 340 ಮೀಟರ್ ಉದ್ದದ ಉದ್ಯಾನವನ್ನು ಹಾಸಿದರು. ಅದರ ಉಕ್ಕಿನ ಭಾಗಗಳನ್ನು ನೆಲದಿಂದ ಮೇಲಕ್ಕೆತ್ತಿ ಜೋಡಿಸಲಾಯಿತು. ಉದ್ಯಾನದ ಒಂದು ತುದಿ ಕೊನೆಯ ಗೋಪುರವನ್ನು ದಾಟಿ 65 ಮೀಟರಿಗಿಂತ ಹೆಚ್ಚು ದೂರ ಆಸರೆಯಿಲ್ಲದೆ ಚಾಚಿಕೊಂಡಿದೆ. ಎತ್ತರದ ಗೋಪುರಗಳು ಗಾಳಿಗೆ ತುಸು ತೂಗುವುದರಿಂದ, ಉದ್ಯಾನದಲ್ಲಿರುವ ಈಜುಕೊಳ ಬಿರುಕು ಬಿಡದಂತೆ ಅದರ ಅಡಿಯಲ್ಲಿ ಚಲನೆಗೆ ಅವಕಾಶ ಕೊಡುವ ಕೀಲುಗಳಿವೆ. 2010ರಲ್ಲಿ ಬಾಗಿಲು ತೆರೆಯುವ ಹೊತ್ತಿಗೆ ಇದಕ್ಕೆ ತಗುಲಿದ್ದ ವೆಚ್ಚ 550 ಕೋಟಿ ಅಮೆರಿಕನ್ ಡಾಲರಿಗೂ ಮಿಕ್ಕಿತ್ತು. ಸರ್ಕಾರ ಕ್ಯಾಸಿನೊದ ಜೂಜಿನ ಅಂಗಳವನ್ನು 15,000 ಚದರ ಮೀಟರಿಗೆ ಮಿತಿಗೊಳಿಸಿತ್ತು; ಇಡೀ ಸಂಕೀರ್ಣದ ವಿಸ್ತೀರ್ಣದಲ್ಲಿ ಅದು ಶೇಕಡಾ 3ನ್ನೂ ಮುಟ್ಟುವುದಿಲ್ಲ. ಅಷ್ಟು ಚಿಕ್ಕ ಜಾಗದ ಗಳಿಕೆ ಉಳಿದ ವೈಭವವನ್ನೆಲ್ಲ ಸಾಕುತ್ತದೆ.

ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು ಆ ಅಂಗಳದ ಹೊಸ್ತಿಲು. ಅಲ್ಲಿ ಎರಡು ಬಗೆಯ ಸಾಲುಗಳಿವೆ. ಸಿಂಗಪುರದ ಪ್ರಜೆಗಳು ಮತ್ತು ಕಾಯಂ ನಿವಾಸಿಗಳು ಒಳಹೋಗಲು 24 ಗಂಟೆಗೆ 150 ಸಿಂಗಪುರ ಡಾಲರ್, ಅಂದರೆ ಸುಮಾರು 10,000 ರೂಪಾಯಿ ತೆರಬೇಕು. ಈ ಮೊತ್ತ 2019ರವರೆಗೆ 100 ಡಾಲರ್ ಇತ್ತು. ದಿವಾಳಿಯಾದವರಿಗೂ ಸರ್ಕಾರದ ನೆರವಿನಲ್ಲಿ ಬದುಕುವವರಿಗೂ ಪ್ರವೇಶವೇ ಇಲ್ಲ. ಗಂಡನ ಚಟದಿಂದ ಸೋತ ಹೆಂಡತಿ, ಮಗನ ಸಾಲಕ್ಕೆ ಹೆದರಿದ ತಂದೆ ಅರ್ಜಿ ಕೊಟ್ಟು, ಆ ವ್ಯಕ್ತಿಯನ್ನು ಒಳಗೆ ಬಿಡದಂತೆ ಆದೇಶ ಪಡೆಯಬಹುದು. ಇನ್ನೊಂದು ಸಾಲಿನಲ್ಲಿ ನಿಂತ ಪ್ರವಾಸಿ 21 ವರ್ಷ ದಾಟಿದ್ದರೆ ಸಾಕು, ಪಾಸ್‌ಪೋರ್ಟ್ ತೋರಿಸಿ ಬಿಡಿಗಾಸು ಕೊಡದೆ ಒಳಗೆ ಹೋಗುತ್ತಾನೆ.

ಈ ವ್ಯವಸ್ಥೆಯನ್ನು ಹೊಗಳುವವರು ಬಹಳ. ನಾನೂ ಅರ್ಧದವರೆಗೆ ಹೊಗಳುತ್ತೇನೆ, ಏಕೆಂದರೆ ಜೂಜು ಮನೆ ಮುರಿಯುತ್ತದೆ ಎಂಬುದನ್ನು ಅಲ್ಲಿನ ಸರ್ಕಾರ ಕಾನೂನಿನಲ್ಲೇ ಒಪ್ಪಿಕೊಂಡಿದೆ. ಆದರೆ ಆ ಮಾತು ನಿಜವಾದರೆ ಅದು ಬೆಂಗಳೂರಿನ ಮನೆಗೂ, ಜಕಾರ್ತದ ಮನೆಗೂ ಅಷ್ಟೇ ನಿಜ. ತನ್ನ ಪ್ರಜೆಗೆ ಕೆಡುಕೆಂದು ಬೆಲೆ ಕಟ್ಟಿ ತಡೆದದ್ದನ್ನು ನೆರೆಯವನಿಗೆ ಉಚಿತವಾಗಿ ಬಡಿಸುವುದು ಜಾಣ ವ್ಯಾಪಾರವೇ ಹೊರತು, ಹಲವರು ಹೇಳುವಂತೆ ಜವಾಬ್ದಾರಿಯುತ ಮಾದರಿಯಲ್ಲ. ಗೋವಾ ಕೂಡ 2020ರಲ್ಲಿ ಗೋವನ್ನರಿಗೆ ಕ್ಯಾಸಿನೊ ಪ್ರವೇಶ ನಿಷೇಧಿಸಿ, ಮಾಂಡೋವಿ ನದಿಯ ಕ್ಯಾಸಿನೊ ಹಡಗುಗಳನ್ನು ಬೆಳಗಾವಿ, ಹುಬ್ಬಳ್ಳಿ, ಬೆಂಗಳೂರಿನಿಂದ ಬರುವವರಿಗೆ ತೆರೆದಿಟ್ಟಿದೆ. ಊರಲ್ಲಿ ಅಂದರ್ ಬಾಹರ್ ಆಡಿದವರನ್ನು ಠಾಣೆಗೆ ಎಳೆದೊಯ್ಯುವ ನಮ್ಮ ರಾಜ್ಯಕ್ಕೆ ಗಡಿ ದಾಟಿ ಹೋಗಿ ಸೋತವರ ಲೆಕ್ಕ ಬೇಕಿಲ್ಲ (ವಾರಾಂತ್ಯದ ಬಸ್ಸುಗಳು ತುಂಬುವುದು ಮಾತ್ರ ಎಲ್ಲರಿಗೂ ಗೊತ್ತು).

ಈ ಸೂತ್ರ ಈಗ ಏಷ್ಯಾದಲ್ಲಿ ಹಬ್ಬುತ್ತಿದೆ. ಒಸಾಕಾದ ಯುಮೆಶಿಮಾ ದ್ವೀಪದಲ್ಲಿ ಏಳುತ್ತಿರುವ ರೆಸಾರ್ಟ್‌ನ ಕ್ಯಾಸಿನೊಗೆ ಜಪಾನೀಯರು 6,000 ಯೆನ್ ತೆರಬೇಕು, ವಾರಕ್ಕೆ ಮೂರು ಬಾರಿಗಿಂತ ಹೆಚ್ಚು ಹೋಗುವಂತಿಲ್ಲ. ವಿದೇಶಿ ಪ್ರವಾಸಿಗರಿಗೆ ಇವೆರಡೂ ಇಲ್ಲ. ಮರೀನಾ ಬೇಯಲ್ಲಂತೂ 15,000 ಆಸನಗಳ ಸಭಾಂಗಣದೊಂದಿಗೆ ನಾಲ್ಕನೆಯ ಗೋಪುರದ ಕೆಲಸ 2025ರಲ್ಲಿ ಆರಂಭವಾಗಿದೆ.

ಸಿಂಗಪುರದಲ್ಲಿ ತನ್ನನ್ನು ಒಳಗೆ ಬಿಡಬೇಡಿ ಎಂದು ಸ್ವತಃ ಬರೆದುಕೊಡುವ ಅವಕಾಶ ವಿದೇಶಿಯರಿಗೂ ಇದೆ. ನಮ್ಮ ಟ್ರಾವೆಲ್ ಏಜೆಂಟರು ಈಜುಕೊಳದ ಚಿತ್ರದ ಜೊತೆಗೆ ಆ ಅವಕಾಶದ ಬಗ್ಗೆ ಒಂದು ಸಾಲನ್ನೂ ಸೇರಿಸಿದರೆ, ಟಿಕೆಟ್ ಕಾಯ್ದಿರಿಸುವ ಹೊತ್ತಿಗೇ ಮನೆಯವರಿಗೆ ಮಾತೆತ್ತಲು ಒಂದು ದಾರಿಯಾದರೂ ಸಿಗುತ್ತದೆ.