ಖಳನಿಗೂ ಅರ್ಥ ಬೇಕು

ಆಟಿ ತಿಂಗಳಿನಲ್ಲಿ ನಮ್ಮ ಕಡೆ ತೋಟದ ಕೆಲಸ ಹೆಚ್ಚೇನೂ ನಡೆಯುವುದಿಲ್ಲ. ಮಡಿಕೇರಿಯಿಂದ ಸಂಪಾಜೆಗೆ ಇಳಿಯುವ ಘಟ್ಟದ ಮಗ್ಗುಲಲ್ಲಿರುವ ಮನೆಯಲ್ಲಿ ಕುಳಿತು, ಕರೆಂಟ್ ಇದ್ದಷ್ಟು ಹೊತ್ತು ಲ್ಯಾಪ್‌ಟಾಪ್ ಚಾರ್ಜ್ ಮಾಡಿಕೊಂಡು, ಹಳೆಯ ಆರ್‌ಪಿಜಿ ಆಟಗಳನ್ನು, ಅಂದರೆ ಕಥೆಯೊಳಗಿನ ಪಾತ್ರವೊಂದನ್ನು ನಾವೇ ವಹಿಸಿಕೊಂಡು ಆಡುವ ವಿಡಿಯೋ ಗೇಮ್‌ಗಳನ್ನು, ಮತ್ತೆ ಆಡುವುದು ಕೆಲವು ವರ್ಷಗಳಿಂದ ನನ್ನ ಮಳೆಗಾಲದ ರೂಢಿ. ಈ ಸಲ ಮೈಸೂರಿನಲ್ಲಿ ಓದುತ್ತಿರುವ ಅಕ್ಕನ ಮಗನೂ ಜೊತೆಗಿದ್ದಾನೆ. ಕಳೆದ ವಾರ ಅವನು ಆಡುತ್ತಿದ್ದ ಆಟವೊಂದರ ಖಳನಾಯಕ ಊರೂರನ್ನೇ ಸುಟ್ಟವನು, ಕೊನೆಯ ಹೋರಾಟಕ್ಕೆ ಐದು ನಿಮಿಷ ಇರುವಾಗ ಬಾಲ್ಯದಲ್ಲಿ ತನಗಾದ ಅನ್ಯಾಯವನ್ನು ವಿವರಿಸತೊಡಗಿದ. "ಪಾಪ ಅಲ್ವಾ ಮಾವ, ಅವನಿಗೂ ಒಂದು ಕಾರಣ ಇತ್ತು" ಎಂದ ಅಳಿಯ. ನನಗೆ ಪಾಪ ಎನಿಸಲಿಲ್ಲ, ಬೇಸರವಾಯಿತು. ಯಾಕೆ ಬೇಸರವಾಯಿತು ಎಂದು ಅವನು ಕೇಳಿದಾಗ ಸರಿಯಾಗಿ ಹೇಳಲಾಗದೆ ಹೋದುದರಿಂದ ಇಲ್ಲಿ ಬರೆಯುತ್ತಿದ್ದೇನೆ.

ನಾನು ಚಿಕ್ಕವನಿದ್ದಾಗ ತಂದೆಯ ಜೊತೆ ತಾಳಮದ್ದಳೆಗೆ ಹೋಗುತ್ತಿದ್ದೆ. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹೇಳುತ್ತಾರೆ, ಎದುರುಬದುರು ಕುಳಿತ ಅರ್ಥಧಾರಿಗಳು ಮಾತಿನಲ್ಲಿಯೇ ಯುದ್ಧ ಮಾಡುತ್ತಾರೆ. ಪಾತ್ರದ ಪರವಾಗಿ ಅವರು ಆಡುವ ಮಾತಿಗೇ 'ಅರ್ಥ' ಎನ್ನುವುದು. ವಾಲಿಮೋಕ್ಷದ ದಿನ ಜನ ಕಾಯುತ್ತಿದ್ದುದು ಬಾಣ ಬಿಡುವ ಗಳಿಗೆಗಲ್ಲ, ಬಾಣ ನೆಟ್ಟ ಮೇಲೆ ವಾಲಿ ಕೇಳುವ ಪ್ರಶ್ನೆಗೆ. ಮರೆಯಲ್ಲಿ ನಿಂತು ಹೊಡೆದದ್ದು ಯಾವ ಧರ್ಮ ಎಂದು ಅವನು ಕೇಳಿದಾಗ, ರಾಮನ ಅರ್ಥ ಹೇಳುವವರು ಅಲ್ಲಿಯೇ, ಆಗಲೇ ಉತ್ತರ ಕಟ್ಟಬೇಕಿತ್ತು. ವಾಲಿಯ ಅರ್ಥ ಸಪ್ಪೆಯಾದರೆ ರಾಮನೂ ಸಪ್ಪೆಯಾಗುತ್ತಿದ್ದ. ನನ್ನ ಮಟ್ಟಿಗೆ ಆರ್‌ಪಿಜಿ ಎಂದರೆ ನಾನೇ ಎದುರು ಅರ್ಥಧಾರಿಯಾಗಿ ಕೂರುವ ಕೂಟ. ಖಳನ ಹಿನ್ನೆಲೆ ಎಷ್ಟು ಕರುಣಾಜನಕವಾಗಿದೆ ಎಂಬುದು ನನಗೆ ಮುಖ್ಯವಲ್ಲ. ಅವನು ಒಡ್ಡಿದ ಮಾತಿಗೆ ಉತ್ತರ ಕೊಡುವ ಅವಕಾಶವನ್ನು ಆಟ ನನ್ನ ಕೈಗೆ ಕೊಟ್ಟಿದೆಯೇ ಎಂಬುದಷ್ಟೇ ಮುಖ್ಯ. ಅಳಿಯನ ಆಟದಲ್ಲಿ ಆ ಕಥೆಯನ್ನು ಕಟ್‌ಸೀನ್‌ನಲ್ಲಿ, ಅಂದರೆ ನಾವು ಸುಮ್ಮನೆ ನೋಡಬೇಕಾದ ದೃಶ್ಯದಲ್ಲಿ, ಹೇಳಿ ಮುಗಿಸಿದರು; ಅದಕ್ಕೆ ಅವನು ಕೊಡಬಹುದಾಗಿದ್ದ ಉತ್ತರ ಕತ್ತಿಯ ಏಟೊಂದೇ.

ಅಕ್ಷರಶಃ ಮಾತಿನಲ್ಲಿಯೇ ಸೋಲುವ ಖಳನೆಂದರೆ 1997ರ ಫಾಲೌಟ್ ಆಟದ ಮಾಸ್ಟರ್. ಅಣುಯುದ್ಧದಲ್ಲಿ ನಾಶವಾದ ಅಮೆರಿಕದಲ್ಲಿ, ಮನುಷ್ಯರು ಪರಸ್ಪರ ಬೇರೆಯಾಗಿರುವುದೇ ಎಲ್ಲ ಕಲಹಕ್ಕೆ ಮೂಲ, ಆದ್ದರಿಂದ ಎಲ್ಲರನ್ನೂ ಒಂದೇ ಬಗೆಯ ಬಲಿಷ್ಠ ಮ್ಯೂಟೆಂಟ್ (ರೂಪಾಂತರಗೊಂಡ) ಜೀವಿಗಳನ್ನಾಗಿ ಮಾಡಿಬಿಟ್ಟರೆ ಯುದ್ಧವೇ ಇರದು ಎಂಬುದು ಅವನ ವಾದ. ಕ್ರೂರವಾದ ವಾದ, ಆದರೆ ವಾದವಂತೂ ಹೌದು. ಅವನನ್ನು ಗುಂಡು ಹೊಡೆದು ಕೊಲ್ಲಬಹುದು. ಇನ್ನೊಂದು ದಾರಿಯೂ ಇದೆ: ಈ ಜೀವಿಗಳಿಗೆ ಮಕ್ಕಳಾಗುವುದಿಲ್ಲ ಎಂಬುದನ್ನು ತೋರಿಸುವ ಶವಪರೀಕ್ಷೆಯ ದಾಖಲೆಯನ್ನು ಆಟದ ನಡುವೆ ಸಂಪಾದಿಸಿಕೊಂಡು ಬಂದಿದ್ದರೆ, ಅದನ್ನು ಅವನ ಮುಂದೆ ಇಡಬಹುದು. ತಾನು ಕಟ್ಟುತ್ತಿರುವ ಹೊಸ ಲೋಕಕ್ಕೆ ಮುಂದಿನ ಪೀಳಿಗೆಯೇ ಇಲ್ಲವೆಂದು ಅರಿತ ಮಾಸ್ಟರ್ ಕುಸಿದುಹೋಗಿ, ಎಲ್ಲವನ್ನೂ ತಾನೇ ನಾಶಮಾಡಲು ಹೊರಡುತ್ತಾನೆ. ನಿನಗಿನ್ನೂ ಭರವಸೆ ಉಳಿದಿರುವಾಗಲೇ ಹೊರಟುಹೋಗು ಎನ್ನುತ್ತಾನೆ. ಆ ದಾಖಲೆಯನ್ನು ನಾನು ಹುಡುಕಿ ತಂದಿರಬೇಕು. ಅದು ಇಲ್ಲದಿದ್ದರೆ ನನ್ನ ಮಾತಿಗೆ ಬಲವಿಲ್ಲ.

ಹಾಗಾದರೆ ವಾದವೇ ಇಲ್ಲದ, ಬರೀ ನಾಶವನ್ನೇ ಬಯಸುವ ಖಳನ ಗತಿಯೇನು ಎಂದು ಯಾರಾದರೂ ಕೇಳಬಹುದು. 1994ರ ಫೈನಲ್ ಫ್ಯಾಂಟಸಿ 6ರ ಕೆಫ್ಕಾನನ್ನು ಅವರು ಉದಾಹರಣೆಗೆ ತರುತ್ತಾರೆ, ತರಲೇಬೇಕು. ಮುತ್ತಿಗೆ ಹಾಕಿದ ಕೋಟೆಯ ನೀರಿಗೆ ವಿಷ ಬೆರೆಸಿ ನಗುವ ವಿದೂಷಕ ಅವನು. ಉಳಿದ ಆಟಗಳಲ್ಲಿ ಖಳನು ಲೋಕವನ್ನು ನಾಶಮಾಡುತ್ತೇನೆ ಎಂದು ಬೆದರಿಸುತ್ತಾನೆ, ನಾವು ತಡೆಯುತ್ತೇವೆ. ಕೆಫ್ಕಾ ಆಟದ ನಡುವಿನಲ್ಲಿಯೇ ಅದನ್ನು ಮಾಡಿ ಮುಗಿಸುತ್ತಾನೆ. ತನ್ನ ಚಕ್ರವರ್ತಿಯನ್ನೇ ಕೊಂದು ಭೂಪಟವನ್ನೇ ಕದಡುತ್ತಾನೆ. ನಾವು ಓಡಾಡಿ ಪರಿಚಯ ಮಾಡಿಕೊಂಡಿದ್ದ ಊರುಗಳು ಹಾಳು ಬೀಳುತ್ತವೆ, ಕಟ್ಟಿಕೊಂಡಿದ್ದ ತಂಡ ಚದುರಿಹೋಗುತ್ತದೆ. ಒಂದು ವರ್ಷದ ಬಳಿಕ ಆ ತಂಡದ ಸೆಲೆಸ್ ಎಂಬ ಹೆಣ್ಣು ಒಂಟಿ ದ್ವೀಪವೊಂದರಲ್ಲಿ ಕಣ್ಣು ಬಿಡುತ್ತಾಳೆ. ಅವಳನ್ನು ನೋಡಿಕೊಂಡಿದ್ದ ಮುದುಕ ಸಿಡ್ ಕಾಯಿಲೆ ಬಿದ್ದಿದ್ದಾನೆ, ಅವನಿಗೆ ಮೀನು ಹಿಡಿದು ತಂದು ತಿನ್ನಿಸಬೇಕು. ಒಳ್ಳೆಯ ಮೀನು ಯಾವುದು, ಕೆಟ್ಟದ್ದು ಯಾವುದು ಎಂದು ಯಾರೂ ಹೇಳಿಕೊಡುವುದಿಲ್ಲ. ಮೊದಲ ಸಲ ಆಡಿದಾಗ ನಾನು ಕೈಗೆ ಸಿಕ್ಕ ಮೀನನ್ನೆಲ್ಲ ಕೊಟ್ಟೆ, ಮುದುಕ ಸತ್ತ. ಕೆಫ್ಕಾ ಆ ದ್ವೀಪದ ಹತ್ತಿರಕ್ಕೂ ಬಂದಿರಲಿಲ್ಲ, ಆದರೂ ಅವನ ಮೇಲೆ ನನಗೆ ಹುಟ್ಟಿದ ಸಿಟ್ಟು ಅಲ್ಲಿಯದು.

ಆಮೇಲಿನ ಭಾಗವನ್ನು ಬರೆದವರ ಜಾಣ್ಮೆ ನನ್ನನ್ನು ಇಂದಿಗೂ ಬೆರಗುಗೊಳಿಸುತ್ತದೆ. ಚದುರಿದ ಸಂಗಡಿಗರಲ್ಲಿ ಹೆಚ್ಚಿನವರನ್ನು ಹುಡುಕಲೇಬೇಕೆಂಬ ಕಡ್ಡಾಯವಿಲ್ಲ, ಕೆಲವರನ್ನಷ್ಟೇ ಕೂಡಿಸಿಕೊಂಡು ನೇರವಾಗಿ ಕೆಫ್ಕಾನ ಗೋಪುರಕ್ಕೆ ಹೋಗಬಹುದು. ಅಲ್ಲಿ ಅವನು ಕೇಳುವುದು ಒಂದೇ ಪ್ರಶ್ನೆ: ಎಲ್ಲವೂ ಒಂದು ದಿನ ನಾಶವಾಗುವುದಾದರೆ ಕಟ್ಟುವುದೇಕೆ, ಬದುಕುವುದೇಕೆ? ಆಗ ತಂಡದವರು ಒಬ್ಬೊಬ್ಬರಾಗಿ ತಾವು ಯಾವುದಕ್ಕಾಗಿ ಬದುಕುತ್ತಿದ್ದೇವೆಂದು ಹೇಳುತ್ತಾರೆ. ಯಾರನ್ನು ನಾನು ಹುಡುಕಿ ತರಲಿಲ್ಲವೋ ಅವರ ಉತ್ತರ ಅಲ್ಲಿ ಇರುವುದಿಲ್ಲ. ವಾದವಿಲ್ಲದ ಖಳನೆಂದುಕೊಂಡವನು ಕೊನೆಗೆ ಎಲ್ಲರಿಗಿಂತ ಕಠಿಣವಾದ ಪ್ರಶ್ನೆಯನ್ನು ಕೇಳಿಬಿಟ್ಟ. ಅದಕ್ಕೆ ಉತ್ತರವಾಗಿ ನಿಂತದ್ದು ನಾನು ಅಷ್ಟೂ ಗಂಟೆಗಳ ಕಾಲ ಊರೂರು ಅಲೆದು ಕೂಡಿಸಿದ ಜನ. ಓದುವ ಪುಸ್ತಕವಾಗಲಿ ನೋಡುವ ಸಿನಿಮಾವಾಗಲಿ ಹೀಗೆ ಮಾಡಲಾರದು.

ಫೈನಲ್ ಫ್ಯಾಂಟಸಿ 7ರ ಖಳ ಸೆಫಿರಾತ್ ಬಗ್ಗೆ ಹೇಳದಿದ್ದರೆ ಅವನ ಅಭಿಮಾನಿಗಳು ಬಿಡುವುದಿಲ್ಲ. ಅವನ ಉದ್ದನೆಯ ಕೂದಲು, ಕತ್ತಿ, ಸಂಗೀತ ಎಲ್ಲವೂ ಸರಿ. ಆದರೆ 1997ರ ಮೂಲ ಆಟದಲ್ಲಿ ಅವನ ಭಯ ಹುಟ್ಟುವುದು ಒಂದು ಹಾವಿನಿಂದ. ಜೌಗು ಬಯಲಿನಲ್ಲಿ ನಮ್ಮ ಲೆವೆಲ್‌ಗೆ ನಿಲುಕದ ದೈತ್ಯ ಹಾವೊಂದರಿಂದ ಹೇಗೋ ತಪ್ಪಿಸಿಕೊಂಡು ಆಚೆ ದಡ ಸೇರಿದರೆ, ಅದೇ ಜಾತಿಯ ಇನ್ನೊಂದು ಹಾವು ಮರಕ್ಕೆ ಚುಚ್ಚಿ ನೇತಾಡುತ್ತಿರುತ್ತದೆ. ಸೆಫಿರಾತ್ ಆಗಲೇ ಆ ದಾರಿಯಲ್ಲಿ ಹೋಗಿದ್ದಾನೆ. ಮಾತಿಲ್ಲ, ಕಥೆಯಿಲ್ಲ, ನನ್ನ ಬಲವೆಷ್ಟು, ಅವನ ಬಲವೆಷ್ಟು ಎಂಬುದು ತಿಳಿದುಹೋಯಿತು. ಅವನ ಹುಟ್ಟಿನ ರಹಸ್ಯದ ಬಗ್ಗೆ ಆಮೇಲೆ ಬರುವ ವಿವರಣೆಗಳಲ್ಲಿ ಅರ್ಧಭಾಗ ನನಗೆ ಈಗಲೂ ಗೋಜಲು.

ದೊಡ್ಡ ಖಳನೇ ಸಪ್ಪೆಯಾಗಿ, ದಾರಿಯಲ್ಲಿ ಸಿಕ್ಕವನು ನೆನಪಿನಲ್ಲಿ ಉಳಿಯುವುದೂ ಉಂಟು. 2015ರ ವಿಚರ್ 3 ಆಟದಲ್ಲಿ ಲೋಕಕ್ಕೇ ಕಂಟಕನಾದ ಎರೆಡಿನ್‌ನ ಮುಖ ನನಗೆ ಸರಿಯಾಗಿ ನೆನಪಿಲ್ಲ. ಕುಡಿದು ಹೆಂಡತಿಯನ್ನು ಹೊಡೆದು, ಸಂಸಾರ ಮುರಿದ ಮೇಲೆ ಅಳುತ್ತ ಕೂರುವ, ಎಲ್ಲರೂ ಬ್ಯಾರನ್ ಎಂದು ಕರೆಯುವ ಒಡೆಯನನ್ನು ಮರೆಯಲಾಗಿಲ್ಲ. ಅವನಿಗೂ ದುಃಖದ ಹಿನ್ನೆಲೆಯಿದೆ. ಆದರೆ ಅದನ್ನು ಅವನು ಹೇಳಿ ಮುಗಿಸಿದೊಡನೆ ಅವನ ಸತ್ತುಹುಟ್ಟಿದ ಮಗುವಿನ ಪ್ರೇತವನ್ನು ಏನು ಮಾಡಬೇಕೆಂಬ ತೀರ್ಮಾನ ನನ್ನ ತಲೆಗೆ ಬಂದು ಬೀಳುತ್ತದೆ. ಆ ರಾತ್ರಿ ಅವನನ್ನು ಕ್ಷಮಿಸಲೂ ಆಗಲಿಲ್ಲ, ಬಿಟ್ಟುಹೋಗಲೂ ಆಗಲಿಲ್ಲ. ಅಂಥವರನ್ನು ನಮ್ಮ ನಡುವೆಯೂ ಕಂಡಿದ್ದೇವಲ್ಲ.

ಇಷ್ಟನ್ನೂ ಅಳಿಯನಿಗೆ ಹೇಳಿ, 2009ರ ಡ್ರ್ಯಾಗನ್ ಏಜ್: ಒರಿಜಿನ್ಸ್ ಆಟವನ್ನು ಅವನ ಮುಂದೆ ತೆರೆದೆ. ಅದರಲ್ಲಿ ಲೋಗೇನ್ ಎಂಬ ಸೇನಾಪತಿ ಯುದ್ಧದ ನಡುವೆ ಸೈನ್ಯವನ್ನು ಹಿಂದೆಗೆದು ತನ್ನ ರಾಜನನ್ನೇ ಸಾವಿಗೆ ಬಿಟ್ಟವನು. ಹಿಂದೊಮ್ಮೆ ಅದೇ ನಾಡನ್ನು ಪರರ ಆಳ್ವಿಕೆಯಿಂದ ಬಿಡಿಸಿದವನೂ ಅವನೇ. ಸಭೆಯಲ್ಲಿ ಅವನು ಸೋತ ಮೇಲೆ ಅವನನ್ನು ಕೊಲ್ಲಬಹುದು, ಇಲ್ಲವೇ ನಮ್ಮ ಪಡೆಗೆ ಸೇರಿಸಿಕೊಳ್ಳಬಹುದು. ಸೇರಿಸಿಕೊಂಡರೆ ಮೊದಲಿನಿಂದಲೂ ಜೊತೆಗಿದ್ದ ಅಲಿಸ್ಟರ್ ಸಿಟ್ಟಿನಿಂದ ಎದ್ದು ಹೋಗುತ್ತಾನೆ, ಮತ್ತೆ ತಂಡಕ್ಕೆ ಬರುವುದಿಲ್ಲ. ಹಿಂದೆ ಆಡಿದಾಗಲೆಲ್ಲ ನಾನು ಲೋಗೇನ್‌ನ ತಲೆ ತೆಗೆಸಿದ್ದೆ. ಈ ಸಲ ಉಳಿಸಿದೆ. ಈಗ ಅವನು ಬಿಡಾರದ ಬೆಂಕಿಯ ಪಕ್ಕದಲ್ಲಿ ನಿಂತಿರುತ್ತಾನೆ, ಕೇಳಿದರೆ ಹಳೆಯ ಯುದ್ಧಗಳ ವಿಚಾರ ಮಾತಾಡುತ್ತಾನೆ. ಅಲಿಸ್ಟರ್‌ನನ್ನು ಬಹಳ ಹಚ್ಚಿಕೊಂಡಿದ್ದ ಅಳಿಯ "ನೀವು ಮಾಡಿದ್ದು ಸರಿಯಿಲ್ಲ ಮಾವ" ಎಂದು ಎದ್ದುಹೋದವನು ನಿನ್ನೆ ರಾತ್ರಿ ಊಟಕ್ಕೆ ಕೂತಾಗಲೂ ನನ್ನ ಜೊತೆ ಮಾತಾಡಲಿಲ್ಲ.